ತರಗತಿ ನಿಂತರೂ ನಿಲ್ಲದ ಕಚೇರಿ ಕೆಲಸ

ಬಿ.ಇಡ್. ಇಂಟರ್ನ್‌ಶಿಪ್‌ನಲ್ಲಿ ಪಾಠ ಮಾಡುವುದರ ಜೊತೆಗೆ ಶಾಲಾ ದಾಖಲೆಗಳ ಅಧ್ಯಯನವೂ ನಮಗೆ ಕೊಟ್ಟ ಒಂದು ಕೆಲಸ. ಹೆಚ್ಚಿನವರು ಇದನ್ನು ಕೊನೆಯ ವಾರಕ್ಕೆ ಉಳಿಸಿಕೊಂಡು ಹೇಗೋ ಬರೆದು ಮುಗಿಸುತ್ತೇವೆ. ನಾನೂ ಹಾಗೆಯೇ ಮಾಡಿದೆ. ಆದರೆ ಕಚೇರಿಯಲ್ಲಿ ಕುಳಿತು ಹಳೆಯ ಜಾವಕ ರಿಜಿಸ್ಟರ್ ತಿರುವುವಾಗ 2020ರ ಏಪ್ರಿಲ್, ಮೇ ತಿಂಗಳ ಪುಟಗಳು ಸಿಕ್ಕಿದವು. ಕೊರೊನಾ ಲಾಕ್‌ಡೌನ್‌ನ ಕಾಲ, ಖಾಲಿ ಇರಬಹುದು ಎಂದುಕೊಂಡಿದ್ದೆ. ಖಾಲಿ ಇರಲಿಲ್ಲ. ಕಚೇರಿ ಸಹಾಯಕರಲ್ಲಿ ಕೇಳಿದೆ. "ಮಕ್ಕಳಿಗೆ ರಜೆ ಟೀಚರೇ, ರಿಜಿಸ್ಟರಿಗೆ ರಜೆ ಉಂಟಾ?" ಎಂದರು.

ಆ ಮಾತಿನ ಅರ್ಥ ಏನೆಂದು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ. ತರಗತಿ ನಿಂತರೆ ಮಗುವಿಗೆ ಪಾಠ ತಪ್ಪುತ್ತದೆ. ಅದನ್ನು ಮುಂದೆ ಹೇಳಿಕೊಡಬಹುದು. ಕಚೇರಿ ನಿಂತರೆ ಮಗುವಿನ ಹೆಸರೇ ಎಲ್ಲಿಯೂ ಇಲ್ಲದಂತಾಗುತ್ತದೆ.

ಪರೀಕ್ಷೆಯ ಕೆಲಸ

2020ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 27ಕ್ಕೆ ಆರಂಭವಾಗಬೇಕಿತ್ತು. ಅದನ್ನು ಮುಂದೂಡಿ ಜೂನ್ 25ರಿಂದ ನಡೆಸಲಾಯಿತು. ರಾಜ್ಯದಲ್ಲಿ ಸುಮಾರು ಎಂಟೂವರೆ ಲಕ್ಷ ಮಕ್ಕಳು ಹೆಸರು ನೋಂದಾಯಿಸಿದ್ದರು. ಮಾಸ್ಕ್, ಸ್ಯಾನಿಟೈಸರ್, ಥರ್ಮಲ್ ಸ್ಕ್ರೀನಿಂಗ್, ದೂರ ದೂರದ ಡೆಸ್ಕ್ ಎಲ್ಲವೂ ನಮ್ಮ ಕಣ್ಣಿಗೆ ಕಂಡ ವ್ಯವಸ್ಥೆ. ಕಾಣದ ಕೆಲಸ ಅದಕ್ಕೂ ಮೊದಲೇ ನಡೆದಿತ್ತು.

ಹಾಸ್ಟೆಲ್ ಮುಚ್ಚಿ ಊರಿಗೆ ಹೋದ ಮಕ್ಕಳಿಗೆ ತಾವಿರುವಲ್ಲೇ ಹತ್ತಿರದ ಕೇಂದ್ರದಲ್ಲಿ ಬರೆಯಲು ಅವಕಾಶ ನೀಡಲಾಯಿತು. ಯಾವ ಮಗು ಈಗ ಎಲ್ಲಿದೆ ಎಂಬುದನ್ನು ಶಾಲೆಯವರು ಒಂದೊಂದೇ ಮನೆಗೆ ಫೋನ್ ಮಾಡಿ ತಿಳಿಯಬೇಕಾಯಿತು. ಗಡಿ ಮುಚ್ಚಿದ್ದ ಕಾರಣ ಕಾಸರಗೋಡು ಕಡೆಯಿಂದ ನಮ್ಮ ಜಿಲ್ಲೆಗೆ ಬರುವ ಮಕ್ಕಳಿಗೆ ತಲಪಾಡಿಯಿಂದ ಬಸ್ಸಿನ ವ್ಯವಸ್ಥೆ ಮಾಡಬೇಕಾಯಿತು. ಆ ಪಟ್ಟಿಗಳೆಲ್ಲ ತಯಾರಾದದ್ದು ದಾಖಲಾತಿ ರಿಜಿಸ್ಟರಿನ ವಿಳಾಸ ಮತ್ತು ಪೋಷಕರ ಫೋನ್ ನಂಬರಿನಿಂದ. ನಂಬರ್ ಹಳೆಯದಾಗಿದ್ದರೆ ಆ ಮಗುವಿಗೆ ವಿಷಯವೇ ತಿಳಿಯುತ್ತಿರಲಿಲ್ಲ.

ಮರುವರ್ಷ ಇದು ಇನ್ನೂ ಸ್ಪಷ್ಟವಾಯಿತು. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಫಲಿತಾಂಶವನ್ನು ಎಸ್ಸೆಸ್ಸೆಲ್ಸಿ ಅಂಕಗಳಿಂದ ಶೇ. 45, ಪ್ರಥಮ ಪಿಯುಸಿ ಅಂಕಗಳಿಂದ ಶೇ. 45, ಆಂತರಿಕ ಮೌಲ್ಯಮಾಪನದಿಂದ ಶೇ. 10 ಎಂದು ಲೆಕ್ಕ ಹಾಕಿದರು. ಪ್ರಥಮ ಪಿಯುಸಿ ಅಂಕಗಳನ್ನು ಬರೆದಿಟ್ಟದ್ದು ಆಯಾ ಕಾಲೇಜು. ಇವು ಮುಂದೆ ಹೀಗೆ ಬೇಕಾಗುತ್ತವೆ ಎಂದು ಬರೆದವರಿಗೆ ಗೊತ್ತಿರಲಿಲ್ಲ. ಸರಿಯಾಗಿ ಬರೆದಿಟ್ಟದ್ದರಿಂದ ಉಪಯೋಗಕ್ಕೆ ಬಂತು, ಅಷ್ಟೆ.

ವರ್ಗಾವಣೆ ಪತ್ರ

ನಮ್ಮ ಊರು ಮರ್ಕಂಜ. ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಒಂದು ಕುಟುಂಬ ನಮ್ಮ ನೆರೆಗೆ ಬಂತು. ಮಗ ಆರನೆಯ ತರಗತಿಗೆ ಸೇರಬೇಕಿತ್ತು. ಹತ್ತಿರದ ಒಂದು ಶಾಲೆಯಲ್ಲಿ "ಟಿಸಿ ತನ್ನಿ" ಎಂದರು. ಹಳೆಯ ಶಾಲೆಯಲ್ಲಿ ಫೋನ್ ಎತ್ತುವವರೇ ಇರಲಿಲ್ಲ. ಹುಡುಗ ಐದು ತಿಂಗಳು ಮನೆಯಲ್ಲೇ ಉಳಿದ. ಹೆಸರು ರಿಜಿಸ್ಟರಿನಲ್ಲಿ ಇಲ್ಲದ ಕಾರಣ ಪಠ್ಯಪುಸ್ತಕ ಬರಲಿಲ್ಲ, ಅಕ್ಕಿ ಬೇಳೆ ಬರಲಿಲ್ಲ. ಆಗಸ್ಟ್‌ನಲ್ಲಿ 'ವಿದ್ಯಾಗಮ' ಆರಂಭವಾಗಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಬಂದು ಪಾಠ ಮಾಡಿದಾಗಲೂ ಅವನ ಹೆಸರು ಯಾವ ಗುಂಪಿನಲ್ಲೂ ಇರಲಿಲ್ಲ. ಅಕ್ಟೋಬರ್‌ನಲ್ಲಿ ವಿದ್ಯಾಗಮವೂ ನಿಂತಿತು.

ನಾನು ಆಗ ಬಿ.ಎಸ್ಸಿ. ವಿದ್ಯಾರ್ಥಿನಿ. ಕಾನೂನು ಏನು ಹೇಳುತ್ತದೆ ಎಂದು ನನಗೂ ತಿಳಿದಿರಲಿಲ್ಲ. ಬಿ.ಇಡ್.ಗೆ ಬಂದ ಮೇಲೆ ಓದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 5ನೆಯ ಸೆಕ್ಷನ್ ಪ್ರಕಾರ, ಬೇರೆ ಶಾಲೆಗೆ ಹೋಗುವ ಮಗುವಿಗೆ ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು. ಅದು ಬರಲು ತಡವಾಯಿತೆಂದು ಹೊಸ ಶಾಲೆ ದಾಖಲಾತಿಯನ್ನು ತಡೆಯುವಂತಿಲ್ಲ, ನಿರಾಕರಿಸುವಂತಿಲ್ಲ. 14ನೆಯ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ನವೆಂಬರ್‌ನಲ್ಲಿ ಪರಿಚಯದ ಶಿಕ್ಷಕರೊಬ್ಬರು ಈ ನಿಯಮ ಹೇಳಿ ಅರ್ಜಿ ಬರೆಸಿದ ದಿನವೇ ಹುಡುಗನ ದಾಖಲಾತಿ ಆಯಿತು. ಒಂದು ಅರ್ಜಿಯಿಂದ ಆಗುವ ಕೆಲಸಕ್ಕೆ ಐದು ತಿಂಗಳು ಹೋಗಿತ್ತು.

ಅಕ್ಷರ ದಾಸೋಹದ ಲೆಕ್ಕ

ಬಿಸಿಯೂಟ ನಿಂತಾಗ ಆಹಾರ ಧಾನ್ಯವನ್ನೇ ಮನೆಗೆ ಕೊಡುವ ಕ್ರಮ ಬಂತು. ಬಿಸಿಯೂಟಕ್ಕೆ ದಿನಕ್ಕೆ ಒಂದು ಮಗುವಿಗೆ ಧಾನ್ಯದ ಪ್ರಮಾಣ ಕಿರಿಯ ಪ್ರಾಥಮಿಕದಲ್ಲಿ 100 ಗ್ರಾಂ, ಹಿರಿಯ ಪ್ರಾಥಮಿಕದಲ್ಲಿ 150 ಗ್ರಾಂ. ಇದನ್ನು ಶಾಲಾ ದಿನಗಳಿಂದ ಗುಣಿಸಬೇಕು. 20 ದಿನಕ್ಕೆ ಏಳನೆಯ ತರಗತಿಯ ಮಗುವಿಗೆ 3 ಕಿಲೋ. ಗಣಿತದಲ್ಲಿ ನಾವು ಕಲಿಸುವ ಸರಳ ಗುಣಾಕಾರವೇ. ಆದರೆ ಗುಣಿಸಬೇಕಾದ ಮಕ್ಕಳ ಸಂಖ್ಯೆ ಹಾಜರಿ ಪುಸ್ತಕದಿಂದ ಬರುತ್ತದೆ. ಅಲ್ಲಿ ಒಂದು ಹೆಸರು ಬಿಟ್ಟರೆ ಒಂದು ಮನೆಗೆ 3 ಕಿಲೋ ಕಡಿಮೆ.

ರೇಂಜ್ ಇಲ್ಲದ ಕಡೆ

ಎಲ್ಲವನ್ನೂ ಆನ್‌ಲೈನ್ ಮಾಡಿದರೆ ಸಾಕು ಎಂಬ ಮಾತು ಆಗ ಬಹಳ ಕೇಳಿಬಂತು. ಸುಳ್ಯ ತಾಲೂಕಿನವರಿಗೆ ಅದರ ಮಿತಿ ಗೊತ್ತು. 2021ರ ಜೂನ್‌ನಲ್ಲಿ ಗುತ್ತಿಗಾರಿನ ಬಳ್ಳಕದಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ಎಲ್ಲೆಡೆ ಹರಿದಾಡಿತು. ನಮ್ಮ ಮನೆಯಲ್ಲೂ ಗುಡ್ಡ ಹತ್ತಿದರೆ ಮಾತ್ರ ರೇಂಜ್. ನನ್ನ ಸೆಮಿಸ್ಟರ್ ಪರೀಕ್ಷಾ ಶುಲ್ಕದ ಸೂಚನೆ ವಾಟ್ಸಾಪ್‌ನಲ್ಲಿ ಮಾತ್ರ ಬಂದಿತ್ತು. ಎರಡು ದಿನ ಮಳೆ, ಕರೆಂಟಿಲ್ಲ. ನೋಡುವಷ್ಟರಲ್ಲಿ ಕೊನೆಯ ದಿನ ಕಳೆದು ದಂಡ ಕಟ್ಟಿದೆ. ಸೂಚನೆ ಕಳಿಸಿದ್ದೇವೆ ಎಂದರೆ ತಲುಪಿದೆ ಎಂದಾಗುವುದಿಲ್ಲ. ತಲುಪಿತೇ ಎಂದು ಕೇಳಿ, ಹೆಸರಿನ ಮುಂದೆ ಗುರುತು ಹಾಕಿದಾಗಲೇ ಆ ಕೆಲಸ ಮುಗಿಯುವುದು.

ನಾವು ಅಭ್ಯಾಸ ಮಾಡಬೇಕಾದದ್ದು

ನಾಳೆ ನಾವು ತರಗತಿ ಶಿಕ್ಷಕರಾದಾಗ ಕಚೇರಿಯ ಅರ್ಧ ಕೆಲಸ ನಮ್ಮ ಕೈಯಲ್ಲೇ ಇರುತ್ತದೆ. ಇಂಟರ್ನ್‌ಶಿಪ್‌ನಲ್ಲಿ ನಾನು ಕಂಡು ಬರೆದುಕೊಂಡ ಐದು ಅಂಶಗಳು ಇವು.

1. ಪೋಷಕರ ಫೋನ್ ನಂಬರನ್ನು ವರ್ಷಕ್ಕೆ ಎರಡು ಸಲ ಕೇಳಿ ಸರಿಪಡಿಸಬೇಕು. ಮೊಬೈಲಿನಲ್ಲಿ ಮಾತ್ರವಲ್ಲ, ಕಾಗದದಲ್ಲೂ ಇರಬೇಕು.

2. ರೇಂಜ್ ಇಲ್ಲದ ಮನೆಗಳನ್ನು ಪಟ್ಟಿಯಲ್ಲಿ ಗುರುತಿಸಿ, ಸುದ್ದಿ ಮುಟ್ಟಿಸಬಲ್ಲ ಹತ್ತಿರದ ಮನೆ ಅಥವಾ ಅಂಗಡಿಯ ನಂಬರ್ ಬರೆದಿಡಬೇಕು.

3. ಬೀರುವಿನ ಕೀ ಎಲ್ಲಿದೆ, ಯಾವ ರಿಜಿಸ್ಟರ್ ಯಾವ ಸಾಲಿನಲ್ಲಿದೆ ಎಂದು ಕಡಿಮೆಯೆಂದರೆ ಇಬ್ಬರಿಗೆ ತಿಳಿದಿರಬೇಕು. ಒಬ್ಬರು ಕ್ವಾರಂಟೈನ್ ಆದರೆ ಇನ್ನೊಬ್ಬರು ನಡೆಸಬೇಕು.

4. ಕಿರು ಪರೀಕ್ಷೆಯ ಅಂಕಗಳನ್ನು ಅದೇ ವಾರ ದಾಖಲಿಸಬೇಕು. ಕೊನೆಗೆ ಒಟ್ಟಿಗೆ ತುಂಬಿಸುವ ಅಭ್ಯಾಸ ಬೇಡ.

5. ದಾಖಲೆ ಇಲ್ಲದೆ ಬಂದ ಮಗುವನ್ನು ಮೊದಲು ಸೇರಿಸಿಕೊಂಡು, ದಾಖಲೆಗಾಗಿ ನಾವೇ ಪತ್ರ ಬರೆಯಬೇಕು.

ನೆರೆಮನೆಯ ಹುಡುಗ ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ಆರನೆಯ ತರಗತಿಯ ಭಿನ್ನರಾಶಿ ಇಂದಿಗೂ ಗೊಂದಲ ಎನ್ನುತ್ತಾನೆ. ಆ ಐದು ತಿಂಗಳ ಪಾಠ ಅವನಿಗೆ ಸಿಗಲಿಲ್ಲ. ಶಾಲಾ ದಾಖಲೆಗಳ ಅಧ್ಯಯನವನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ ಎಂದು ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಲ್ಲಿ ಕೇಳಿಕೊಳ್ಳುತ್ತೇನೆ.