ಉಡುಪಿಯ ರಥಬೀದಿ: ದೇವದರ್ಶನ ಮತ್ತು ಹಸ್ತಾಂತರದ ಲೆಕ್ಕ

ಉಡುಪಿ ಕ್ಷೇತ್ರದ ಕಥೆ ಸರಕು ಸಾಗಣೆಯ ಒಂದು ಪ್ರಸಂಗದಿಂದ ಆರಂಭವಾಗುತ್ತದೆ ಎಂಬುದು ವರ್ತಕ ಬಾಂಧವರಿಗೆ ಆಸಕ್ತಿಯ ವಿಷಯ. ಸಂಪ್ರದಾಯದ ಪ್ರಕಾರ ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಮಲ್ಪೆಯ ಬಳಿ ಬಿರುಗಾಳಿಗೆ ಸಿಲುಕಿತು. ತೀರದಲ್ಲಿದ್ದ ಶ್ರೀ ಮಧ್ವಾಚಾರ್ಯರು ಅದನ್ನು ಅಪಾಯದಿಂದ ಪಾರುಮಾಡಿದರು. ಹಡಗಿನ ಯಾವ ಸರಕನ್ನಾದರೂ ಸ್ವೀಕರಿಸಬೇಕೆಂದು ನಾವಿಕನು ವಿನಂತಿಸಿಕೊಂಡಾಗ ಆಚಾರ್ಯರು ಕೇಳಿದ್ದು, ಹಡಗಿನ ಸಮತೋಲಕ್ಕಾಗಿ ತಳದಲ್ಲಿ ಇರಿಸಿದ್ದ ಗೋಪೀಚಂದನದ ಗಡ್ಡೆಯನ್ನು. ಯಾವ ಸರಕುಪಟ್ಟಿಯಲ್ಲಿಯೂ ಬೆಲೆ ಕಾಣದ ಆ ಮಣ್ಣಿನೊಳಗೆ ಕಡೆಗೋಲು ಹಿಡಿದ ಬಾಲಕೃಷ್ಣನ ವಿಗ್ರಹವಿತ್ತು. 13ನೆಯ ಶತಮಾನದಲ್ಲಿ ಆಚಾರ್ಯರು ಅದನ್ನು ಉಡುಪಿಯಲ್ಲಿ ಪ್ರತಿಷ್ಠಾಪಿಸಿದರು.

ಇಂದು ಉಡುಪಿಗೆ ಬರುವ ಬಹುಪಾಲು ಯಾತ್ರಿಕರು ಬಸ್ಸಿನಿಂದಿಳಿದು, ಸರತಿಯಲ್ಲಿ ನಿಂತು, ಕೃಷ್ಣನ ದರ್ಶನ ಪಡೆದು, ಊಟ ಮುಗಿಸಿ ಕೊಲ್ಲೂರಿನ ದಾರಿ ಹಿಡಿಯುತ್ತಾರೆ. ಇದರಿಂದ ಯಾತ್ರಿಕನಿಗೂ ನಷ್ಟ, ರಥಬೀದಿಯ ಅಂಗಡಿಯವನಿಗೂ ನಷ್ಟ. ಕ್ಷೇತ್ರದ ಕ್ರಮವೇ ಬೇರೆ. ಮೊದಲು ಚಂದ್ರಮೌಳೀಶ್ವರ, ಅನಂತರ ಅನಂತೇಶ್ವರ, ಕೊನೆಯಲ್ಲಿ ಶ್ರೀಕೃಷ್ಣ. ಮೂರೂ ಒಂದೇ ರಥಬೀದಿಯ ಪರಿಸರದಲ್ಲಿರುವುದರಿಂದ ಇದಕ್ಕೆ ವಾಹನವೂ ಬೇಡ, ಮಾರ್ಗದರ್ಶಕನೂ ಬೇಡ. ಅರ್ಧ ದಿನದ ವ್ಯವಧಾನ ಸಾಕು.

ಚಂದ್ರಮೌಳೀಶ್ವರನ ಗುಡಿಯ ನೆಲ ಬೀದಿಗಿಂತ ತಗ್ಗಿನಲ್ಲಿದೆ, ಮೆಟ್ಟಿಲಿಳಿದು ಒಳಹೋಗಬೇಕು. ನಕ್ಷತ್ರಗಳ ಒಡೆಯನಾದ ಚಂದ್ರನಿಗೆ 'ಉಡುಪ' ಎಂಬ ಹೆಸರಿದ್ದು, ಊರಿನ ಹೆಸರು ಅದರಿಂದಲೇ ಬಂದಿತೆಂಬುದು ಸ್ಥಳಪುರಾಣ. ಎದುರಿನ ಅನಂತೇಶ್ವರ ದೇವಾಲಯದಲ್ಲಿ ಮಧ್ವಾಚಾರ್ಯರು ಶಿಷ್ಯರಿಗೆ ಪಾಠ ಹೇಳುತ್ತಿದ್ದರು ಮತ್ತು ಅಲ್ಲಿಯೇ ಅದೃಶ್ಯರಾದರು ಎಂದು ನಂಬಿಕೆ. ವೈಷ್ಣವ ಮಠಗಳ ನಡುವಿನ ಊರಿನಲ್ಲಿ ಮೊದಲ ಪೂಜೆ ಶಿವನಿಗೆ ಸಲ್ಲುವುದನ್ನು ಅವಸರದ ಯಾತ್ರಿಕ ಗಮನಿಸುವುದೇ ಇಲ್ಲ.

ಕೃಷ್ಣಮಠದಲ್ಲಿ ಮೂರ್ತಿ ಪಶ್ಚಿಮಾಭಿಮುಖವಾಗಿದೆ. ಒಂಬತ್ತು ರಂಧ್ರಗಳ, ಬೆಳ್ಳಿಯ ಕವಚದ ನವಗ್ರಹ ಕಿಂಡಿಯ ಮೂಲಕವೇ ಎಲ್ಲರೂ ದರ್ಶನ ಪಡೆಯಬೇಕು. ಪುರುಷರು ಮೇಲಂಗಿ ಕಳಚಿ ಒಳಬರಬೇಕು. ಹೊರಗೋಡೆಯಲ್ಲಿರುವ ಕನಕನ ಕಿಂಡಿಯ ಮುಂದೆ ಮಾತ್ರ ಯಾವ ಹೊತ್ತಿನಲ್ಲಿ ಬೇಕಾದರೂ, ಬೀದಿಯಲ್ಲಿ ನಿಂತೇ ಕೈಮುಗಿಯಬಹುದು. ಒಳಗೆ ಪ್ರವೇಶ ದೊರೆಯದ ಕನಕದಾಸರ ಹೆಸರಿನ ಈ ಕಿಂಡಿಗೆ, ಪೀಠವೇರಲು ಬರುವ ಯತಿಗಳೂ ಮೊದಲು ಬಂದು ನಮಿಸುತ್ತಾರೆ.

ವ್ಯವಹಾರಸ್ಥರು ಉಡುಪಿಯಲ್ಲಿ ವಿಶೇಷವಾಗಿ ಅಭ್ಯಸಿಸಬೇಕಾದುದು ಪರ್ಯಾಯ ಪದ್ಧತಿಯನ್ನು. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು ಮತ್ತು ಪೇಜಾವರ ಎಂಬ ಎಂಟು ಮಠಗಳು ಸರದಿಯಂತೆ ಕೃಷ್ಣಪೂಜೆಯ ಹೊಣೆ ಹೊರುತ್ತವೆ. ಆರಂಭದಲ್ಲಿ ಈ ಸರದಿ ಎರಡೆರಡು ತಿಂಗಳದ್ದಾಗಿತ್ತು. ಅಂದರೆ 16 ತಿಂಗಳಿಗೊಮ್ಮೆ ಪ್ರತಿ ಮಠಕ್ಕೂ ಹೊಣೆ ಮರಳಿ ಬರುತ್ತಿತ್ತು. ಸೋದೆ ಮಠದ ಶ್ರೀ ವಾದಿರಾಜರು ಅದನ್ನು ಎರಡು ವರ್ಷಕ್ಕೆ ವಿಸ್ತರಿಸಿದರು. ಎರಡು ತಿಂಗಳ ಅವಧಿಯಲ್ಲಿ ಬಾಳೆ ನೆಟ್ಟವನಿಗೆ ಗೊನೆ ಕಡಿಯುವ ಅವಕಾಶವೇ ಇರಲಿಲ್ಲ; ದೀರ್ಘಾವಧಿಯ ಯೋಜನೆಗೆ ಯಾರೂ ಕೈಹಾಕುವಂತಿರಲಿಲ್ಲ; ಯತಿಗಳು ದೂರ ಸಂಚಾರ ಕೈಗೊಳ್ಳುವುದೂ ಕಷ್ಟವಾಗಿತ್ತು. ಎರಡು ವರ್ಷದ ಸರದಿಯಲ್ಲಿ ಸಿದ್ಧತೆಗೂ ಸಂಚಾರಕ್ಕೂ 14 ವರ್ಷಗಳು ದೊರೆತವು. ಹಾಗೆಂದು ಅಧಿಕಾರವೇನೂ ಒಬ್ಬರಲ್ಲಿಯೇ ಬೇರೂರಲಿಲ್ಲ.

ಲೆಕ್ಕ ಸರಳ. 1522ರಲ್ಲಿ ಪಲಿಮಾರು ಮಠದಿಂದ ಆರಂಭವಾದ ಈ ಸರದಿ 2018ರಲ್ಲಿ ಮತ್ತೆ ಪಲಿಮಾರು ಮಠಕ್ಕೇ ಬಂದಿತು. ನಡುವಿನ 496 ವರ್ಷಗಳನ್ನು 16ರಿಂದ ಭಾಗಿಸಿದರೆ ಶೇಷವಿಲ್ಲದೆ 31 ಸುತ್ತುಗಳಾಗುತ್ತವೆ. ಸುಮಾರು ಐದು ಶತಮಾನಗಳ ಕಾಲ, ರಾಜ್ಯಗಳು ಬದಲಾದರೂ, ಒಂದು ಸರದಿಯೂ ಲೆಕ್ಕ ತಪ್ಪಿಲ್ಲ. ಕೋವಿಡ್ ನಿರ್ಬಂಧಗಳ ನಡುವೆಯೂ 2022ರ ಜನವರಿ 18ರಂದು ಕೃಷ್ಣಾಪುರ ಮಠವು ಹೊಣೆ ವಹಿಸಿಕೊಂಡಿತು. ಮೂರನೆಯ ತಲೆಮಾರಿಗೆ ಪಾಲಾಗಿ ಹೋಗುವ ಪಾಲುದಾರಿಕೆ ಸಂಸ್ಥೆಗಳನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ಹಸ್ತಾಂತರದ ವಿಧಿಯೂ ಅಷ್ಟೇ ಅಚ್ಚುಕಟ್ಟು. ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ ನಡೆಯುತ್ತದೆ. ಬಾಳೆಯ ಮತ್ತು ತುಲಸಿಯ ಸಸಿಗಳನ್ನು ನೆಡಲಾಗುತ್ತದೆ. ತರುವಾಯ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಸೌದೆಯನ್ನು ತೇರಿನ ಆಕಾರದಲ್ಲಿ ಒಟ್ಟಿ ನಿಲ್ಲಿಸುವ ಕಟ್ಟಿಗೆ ರಥವನ್ನು ಮಧ್ವಸರೋವರದ ಬಳಿ ಕಾಣಬಹುದು. ಧಾರ್ಮಿಕ ವಿಧಿಯ ರೂಪದಲ್ಲಿರುವ ಇವು ನಾಲ್ಕೂ ವಾಸ್ತವದಲ್ಲಿ ದಾಸ್ತಾನು ಯೋಜನೆಯ ಹಂತಗಳೇ. ಎಲೆ, ಅಕ್ಕಿ, ಉರುವಲು, ಭತ್ತ ಇವುಗಳಲ್ಲಿ ಯಾವುದು ಎಂದು ಸಿದ್ಧವಾಗಬೇಕೆಂಬುದು ಪಂಚಾಂಗದಲ್ಲಿಯೇ ನಿಗದಿಯಾಗಿಬಿಡುತ್ತದೆ. ಜನವರಿ 18ರ ನಸುಕಿನಲ್ಲಿ ಭಾವೀ ಪರ್ಯಾಯ ಯತಿಗಳು ಕಾಪು ಸಮೀಪದ ದಂಡತೀರ್ಥದಲ್ಲಿ ಸ್ನಾನ ಮಾಡಿ, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಬಂದು, ಯಾತ್ರಿಕನು ಅನುಸರಿಸಬೇಕಾದ ಅದೇ ಕ್ರಮದಲ್ಲಿ ಚಂದ್ರಮೌಳೀಶ್ವರ, ಅನಂತೇಶ್ವರರ ದರ್ಶನ ಮಾಡುತ್ತಾರೆ. ಕೃಷ್ಣಮಠದಲ್ಲಿ ನಿರ್ಗಮಿಸುವ ಯತಿಗಳು ಅವರಿಗೆ ಅಕ್ಷಯಪಾತ್ರೆ, ಸಟ್ಟುಗ ಮತ್ತು ಕೀಲಿಕೈಯನ್ನು ಒಪ್ಪಿಸಿ ಸರ್ವಜ್ಞಪೀಠದಲ್ಲಿ ಕುಳ್ಳಿರಿಸುತ್ತಾರೆ. ಅನ್ನದ ಪಾತ್ರೆ, ಬಡಿಸುವ ಸಾಧನ, ಬೀಗದ ಕೈ: ಆಡಳಿತವೆಂದರೆ ಇಷ್ಟೇ ಎಂಬಂತೆ.

ಎರಡು ವರ್ಷಗಳ ಆದಾಯವೂ ವೆಚ್ಚವೂ ಆಯಾ ಪರ್ಯಾಯ ಮಠದ್ದೇ. ನಿತ್ಯದ ಅನ್ನಸಂತರ್ಪಣೆಯ ಭಾರವೂ ಅದರ ಮೇಲೆಯೇ. ಆದ್ದರಿಂದ ಸರಬರಾಜು ಮಾಡುವ ವರ್ತಕರು ಒಂದು ಅಂಶವನ್ನು ನೆನಪಿನಲ್ಲಿಡುವುದು ಲೇಸು. ಈ ಪದ್ಧತಿಯಲ್ಲಿ ಗ್ರಾಹಕ ಬದಲಾಗುವ ದಿನಾಂಕ ಮಾರ್ಚ್ 31 ಅಲ್ಲ, ಜನವರಿ 18. ಎರಡೇ ವರ್ಷದ ಒಂದು ಪರ್ಯಾಯವು ಮೂರು ಹಣಕಾಸು ವರ್ಷಗಳಲ್ಲಿ ಹರಡಿಕೊಳ್ಳುತ್ತದೆ. ಖಾತೆಯನ್ನು 'ಕೃಷ್ಣಮಠ' ಎಂಬ ಒಂದೇ ಶೀರ್ಷಿಕೆಯಲ್ಲಿ ತೆರೆದಿಡುವುದಕ್ಕಿಂತ ಆಯಾ ಮಠದ ಹೆಸರಿನಲ್ಲಿ ಪ್ರತ್ಯೇಕವಾಗಿ ಇರಿಸಿಕೊಂಡು, ಡಿಸೆಂಬರ್ ಅಂತ್ಯದೊಳಗೆ ಬಾಕಿ ತಾಳೆ ನೋಡಿ ಲಿಖಿತ ದೃಢೀಕರಣ ಪಡೆಯುವುದು ಉಭಯತ್ರರಿಗೂ ಕ್ಷೇಮ. ದೇವರ ಹೆಸರಿನ ವ್ಯವಹಾರದಲ್ಲಿ ಬಾಕಿ ಕೇಳುವುದಕ್ಕೆ ಸಂಕೋಚಪಡುವವರು ಅನೇಕರಿದ್ದಾರೆ. ಕೀಲಿಕೈಯನ್ನೇ ಎಲ್ಲರೆದುರು ಒಪ್ಪಿಸುವ ಸ್ಥಳದಲ್ಲಿ ಆ ಸಂಕೋಚಕ್ಕೆ ಆಧಾರವಿಲ್ಲ.

ತೆರಿಗೆಯ ವಿಷಯದಲ್ಲಿಯೂ ಗೊಂದಲಗಳಿವೆ. ಧಾರ್ಮಿಕ ಸ್ಥಳದ ಪ್ರಸಾದಕ್ಕೆ ಜಿಎಸ್‌ಟಿ ಇಲ್ಲ, ಅಗರಬತ್ತಿಗೆ ಶೇ. 5 ಇದೆ. ಆದಾಯ ತೆರಿಗೆ ಕಾನೂನಿನಡಿ ನೋಂದಾಯಿತವಾದ ಧಾರ್ಮಿಕ ಅಥವಾ ದತ್ತಿ ಸಂಸ್ಥೆಯು ಸಾರ್ವಜನಿಕ ಧಾರ್ಮಿಕ ಸ್ಥಳದ ಆವರಣದಲ್ಲಿ ನೀಡುವ ಕೊಠಡಿಯ ಬಾಡಿಗೆ ದಿನಕ್ಕೆ 1,000 ರೂ.ಗಿಂತ ಕಡಿಮೆಯಿದ್ದರೆ ವಿನಾಯಿತಿ ಉಂಟು. ಅಂತಹ ಆವರಣದ ಅಂಗಡಿಗಳಿಗೆ ಈ ಮಿತಿ ತಿಂಗಳಿಗೆ 10,000 ರೂ. ಖಾಸಗಿ ವಸತಿಗೃಹಗಳಿಗೆ ಈ ವಿನಾಯಿತಿ ಅನ್ವಯಿಸದು. 1,000 ರೂ.ವರೆಗಿನ ಕೊಠಡಿಗಳಿಗೆ ಹಿಂದೆ ಇದ್ದ ಸಾಮಾನ್ಯ ವಿನಾಯಿತಿ 2022ರ ಜುಲೈ 18ರಿಂದ ರದ್ದಾಗಿ ಶೇ. 12 ತೆರಿಗೆ ಬಂದಿತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೊಠಡಿಗಳಿಗೆ ಹೂಡುವಳಿ ತೆರಿಗೆ ಜಮೆಯಿಲ್ಲದೆ ಶೇ. 5 ನಿಗದಿಯಾಯಿತು. ಸಣ್ಣ ವಸತಿಗೃಹದ ಮಾಲೀಕನಿಗೆ ದರದ ಇಳಿಕೆ ಅನುಕೂಲವೇ ಆದರೂ, ನವೀಕರಣಕ್ಕೆ ತೆತ್ತ ತೆರಿಗೆ ಇನ್ನು ವೆಚ್ಚವೇ ಎಂಬುದನ್ನು ಅಂದಾಜಿನಲ್ಲಿ ಸೇರಿಸಿಕೊಳ್ಳಬೇಕು.

ಈ ಊರಿಗೆ ಲೆಕ್ಕದ ಶಿಸ್ತು ಹೊಸತಲ್ಲ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಸಂಗಡಿಗರಿಂದ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು ಇಲ್ಲಿಯೇ. 1928ರಲ್ಲಿ ಬಂದ ಪಿಗ್ಮಿ ಠೇವಣಿಯು ಸಣ್ಣ ಅಂಗಡಿಕಾರನ ದಿನದ ಪುಡಿಗಾಸನ್ನೂ ಬ್ಯಾಂಕಿನ ಬಂಡವಾಳವಾಗಿಸಿತು. 2020ರ ಏಪ್ರಿಲ್ 1ರಂದು ಎರಡೂ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು.

ಭೇಟಿಯ ಕಾಲವನ್ನು ಆರಿಸಿಕೊಳ್ಳುವವರಿಗೆ ಕಾರ್ತಿಕ ಮಾಸದ ಉತ್ಥಾನದ್ವಾದಶಿಯ ಅನಂತರದ ದಿನಗಳು ಪ್ರಶಸ್ತ. ಮಳೆಗಾಲದಲ್ಲಿ ನಿಂತಿದ್ದ ರಥೋತ್ಸವ ಲಕ್ಷದೀಪೋತ್ಸವದೊಂದಿಗೆ ಆಗ ಪುನಃ ಆರಂಭವಾಗುತ್ತದೆ. ಸಂಜೆಯ ತೇರು ನೋಡಲು ಉಳಿದ ಯಾತ್ರಿಕನೇ ರಾತ್ರಿ ಕೊಠಡಿ ಹಿಡಿಯುವವನು, ಬೆಳಗ್ಗೆ ಮಲ್ಲಿಗೆ ಕೊಳ್ಳುವವನು. ಶಂಕರಪುರದ ಮಲ್ಲಿಗೆಗೆ ತನ್ನದೇ ಅಳತೆಯುಂಟು: 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ; ದರ ದಿನದಿನವೂ ಬದಲಾಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮಟ್ಟುಗುಳ್ಳ ಬದನೆಯ ಬೀಜವನ್ನು ಮಟ್ಟು ಗ್ರಾಮಸ್ಥರಿಗೆ ಕೊಟ್ಟವರು ಸರದಿಯನ್ನು ತಿದ್ದಿದ ಅದೇ ವಾದಿರಾಜರೆಂದು ಪ್ರತೀತಿ. ಪೀಠವನ್ನು ಯಾವ ಮಠ ಏರಿದರೂ ಪರ್ಯಾಯದ ಹೊರೆಕಾಣಿಕೆಗೆ ಮಟ್ಟುವಿನ ಗುಳ್ಳ ಬಂದೇ ಬರುತ್ತದೆ.