ಕತ್ತಿ ಯಾರದು, ಕೈ ಯಾರದು?

ಹಳೆಯ ಸಾಮಾನು ಕೂಡಿಹಾಕುವ ಒಬ್ಬರು ಒಮ್ಮೆ ಬಂಟ್ವಾಳದಲ್ಲಿ ಸಿಕ್ಕಿದಾಗ ಹೇಳಿದರು: "ಮಾಸ್ಟ್ರೇ, ನೀವು ಹಳ್ಳಿ ಕಡೆ ತಿರುಗುವವರು. ಕಲ್ಯಾಣಪ್ಪನ ಕಾಲದ ಕತ್ತಿ, ಕೋವಿ ಎಂತದ್ದಾದರೂ ಕಂಡರೆ ತಿಳಿಸಿ. ಒಳ್ಳೆ ಕ್ರಯ ಉಂಟು." ನಮ್ಮ ಕಾಲನಿಯಲ್ಲಿ ಹುಡುಕಲಾ ಎಂದು ಕೇಳಿದೆ. ಅವರು ನಕ್ಕರು. "ಅಲ್ಲಿ ಎಂತ ಸಿಗುತ್ತದೆ ಮಾರಾಯ್ರೆ? ಗುತ್ತು, ಬೀಡು ನೋಡಿ." ಅವರು ಕೆಟ್ಟವರಲ್ಲ. ವ್ಯಾಪಾರದ ಲೆಕ್ಕದಲ್ಲಿ ಅವರ ಮಾತು ಸರಿಯೇ. ಆ ಲೆಕ್ಕ ಹೇಗೆ ಹುಟ್ಟಿತು ಎಂಬುದನ್ನು ಬಿಡಿಸಿ ನೋಡುವುದಷ್ಟೇ ಇಲ್ಲಿ ನನ್ನ ಉದ್ದೇಶ.

ಮೊದಲು ಆ ಯುದ್ಧದ ವಿಷಯ. 1834ರಲ್ಲಿ ಕಂಪೆನಿ ಸರಕಾರ ಕೊಡಗನ್ನು ನುಂಗಿ, ಅದಕ್ಕೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಜೋಡಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ಕೊಡಿ ಎಂದಿತು. 1837ರ ಮಾರ್ಚ್ ಕೊನೆಗೆ ಸುಳ್ಯದ ಕಡೆಯಿಂದ ದಂಡು ಎದ್ದಿತು. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳುಗಳಲ್ಲಿ ಒಬ್ಬರು. ಕಲ್ಯಾಣಸ್ವಾಮಿ ಎಂಬ ಹೆಸರು ಹೊತ್ತು ಮುಂದೆ ನಡೆದವನು ಪುಟ್ಟಬಸಪ್ಪ. ಬೆಳ್ಳಾರೆ, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳದ ದಾರಿಯಾಗಿ ದಂಡು ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರು ಮುಟ್ಟಿತು. ನಂದಾವರದ ಲಕ್ಷ್ಮಪ್ಪ ಬಂಗರಸ ಕೂಡಿಕೊಂಡ. ಸುಮಾರು ಎರಡು ವಾರ ಊರು ಬಂಡಾಯಗಾರರ ಕೈಯಲ್ಲಿತ್ತು. ಆಮೇಲೆ ಬಿಕರ್ನಕಟ್ಟೆಯಲ್ಲಿ ಗಲ್ಲು. ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗುಡ್ಡೆಮನೆ ಅಪ್ಪಯ್ಯ ಗೌಡರಿಗೂ ಗಲ್ಲು. ಚರಿತ್ರೆ ಬರೆಯುವವರು ಇದನ್ನು ರೈತ ಬಂಡಾಯ, ಸ್ವಾತಂತ್ರ್ಯ ಸಮರ ಎನ್ನುತ್ತಾರೆ. ನಮ್ಮ ಕಡೆಯ ಜನರ ಬಾಯಲ್ಲಿ ಅದು 'ಕಲ್ಯಾಣಪ್ಪನ ಕಾಟಕಾಯಿ'. ಈ ಎರಡು ಹೆಸರುಗಳ ನಡುವಿನ ಬಿರುಕನ್ನು ವಿಮರ್ಶೆ ಮರೆಯಬಾರದು.

ಈ ದಂಡು ನಡೆದಾಗ ತೆಗೆದ ಫೋಟೋ ಒಂದೂ ಇಲ್ಲ. ಇರುವುದು ಸಾಧ್ಯವೂ ಇಲ್ಲ. ಫೋಟೋ ತೆಗೆಯುವ ದಗೆರೆಯ ವಿಧಾನ ಪ್ಯಾರಿಸ್ಸಿನಲ್ಲಿ ಬಹಿರಂಗವಾದದ್ದೇ 1839ರಲ್ಲಿ. ಯಾರಾದರೂ ದಂಡಿನ ಹೊತ್ತಿನಲ್ಲೇ ತೆಗೆದ 'ಕಲ್ಯಾಣಪ್ಪನ ಸೈನಿಕ' ಎಂದು ಫೋಟೋ ಮಾರಲು ಬಂದರೆ ಅದು ಅಲ್ಲೇ ಸುಳ್ಳು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಲ್ಲಿಸಿದ ರಾಮಯ್ಯ ಗೌಡರ ಪ್ರತಿಮೆಯ ಮುಖವೂ ಫೋಟೋ ನೋಡಿ ಮಾಡಿದ್ದಲ್ಲ. ಆದರೂ ಅವರಿಗೆ ಒಂದು ಮುಖ ಸಿಕ್ಕಿತು. ದಂಡಿನ ಹಿಂದೆ ಅಕ್ಕಿಮೂಟೆ ಹೊತ್ತವನಿಗೆ, ನೇತ್ರಾವತಿಯಲ್ಲಿ ದೋಣಿ ಹಾಕಿದವನಿಗೆ ಅದೂ ಇಲ್ಲ. ಸುಳ್ಯದಿಂದ ಮಂಗಳೂರಿಗೆ ದಂಡು ನಡೆದುಹೋಗಬೇಕಾದರೆ ಹೊರುವವರು ಬೇಕೇ ಬೇಕು.

ಇದೇ ಶತಮಾನದ ಇನ್ನೊಂದು ಯುದ್ಧದ ಜೊತೆ ಇಟ್ಟು ನೋಡಿದರೆ ವಿಷಯ ಬಿಡಿಯಾಗುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಷ್ಟರಲ್ಲಿ ಫೋಟೋ ಅಗ್ಗವಾಗಿತ್ತು. ತೆಳು ಕಬ್ಬಿಣದ ತಗಡಿನ ಮೇಲೆ, ಗಾಜಿನ ಮೇಲೆ, ಅಂಗೈಯಗಲದ ರಟ್ಟಿನ ಮೇಲೆ ಸಾಮಾನ್ಯ ಸೈನಿಕ ತನ್ನ ಚಿತ್ರ ತೆಗೆಸಿ ಮನೆಗೆ ಕಳಿಸಿದ. ಉತ್ತರದ ಸೈನ್ಯದಲ್ಲಿ ಸುಮಾರು 1,80,000 ಕಪ್ಪು ಸೈನಿಕರಿದ್ದರು. ಇಂದು ಇಂಥ ಫೋಟೋ, ಗುಂಡಿ, ಬೆಲ್ಟು, ಬಂದೂಕುಗಳನ್ನು ಹುಡುಕಿ ಕೊಳ್ಳುವವರ ದೊಡ್ಡ ಲೋಕವೇ ಉಂಟು. ಲಿಲ್ಯೆನ್‌ಕ್ವಿಸ್ಟ್ ಕುಟುಂಬದವರು ಕೂಡಿಸಿದ ಫೋಟೋಗಳು 2010ರಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಬಂದವು. ಅದರಲ್ಲಿ ಸಮವಸ್ತ್ರ ತೊಟ್ಟ ಒಬ್ಬ ಕಪ್ಪು ಸೈನಿಕ, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಕೂತಿದ್ದಾನೆ. ಹೆಸರು ಗೊತ್ತಿಲ್ಲದ ಸೈನಿಕ ಎಂದೇ ಮೊದಲು ಅಲ್ಲಿ ದಾಖಲಾಗಿತ್ತು. ಆದರೆ ಅವನು ತಾನಾಗಿ, ಮನೆಯವರನ್ನು ಕೂರಿಸಿಕೊಂಡು ಕ್ಯಾಮೆರಾ ಮುಂದೆ ಕೂತವನು. ನಾನು ಹೀಗಿದ್ದೇನೆ, ನೋಡು ಎಂದವನು.

ನಮ್ಮಲ್ಲಿ ಕ್ಯಾಮೆರಾ ಬಂದ ದಾರಿ ಬೇರೆ. 1857ರ ದಂಗೆಯ ನಂತರ ಸರಕಾರ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು 1868ರಿಂದ 1875ರ ನಡುವೆ ತಂದಿತು. ಅಲ್ಲಿ ಮನುಷ್ಯರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ನಿಲ್ಲಿಸಲಾಗಿದೆ. ಫೋಟೋದ ಕೆಳಗೆ ದೊಡ್ಡದಾಗಿ ಕಾಣುವುದು ಜಾತಿಯ ಹೆಸರು. ಸೈನಿಕನ ಫೋಟೋದಲ್ಲಿ ಒಬ್ಬ ವ್ಯಕ್ತಿ ಇದ್ದರೆ ಇಲ್ಲಿ ಒಂದು ನಮೂನೆ ಉಂಟು. ಹಳೆ ಫೋಟೋ ಕೊಳ್ಳುವವರು ಈ ಎರಡನ್ನೂ ಒಂದೇ ಆಲ್ಬಮಿನಲ್ಲಿ ಇಡುತ್ತಾರೆ. ನಾವು ಇಡಬಾರದು.

ಹಾಗಾದರೆ ದಲಿತ ಸೈನಿಕನ ಕುರುಹು ಎಲ್ಲೂ ಇಲ್ಲವೇ? ಉಂಟು. ಭೀಮಾ ಕೋರೆಗಾಂವ್‌ನಲ್ಲಿ 1818ರ ಜನವರಿ 1ರ ಕಾಳಗದ ಕಂಬದ ಮೇಲೆ 'ನಾಕ' ಎಂದು ಮುಗಿಯುವ ಮಹಾರರ ಹೆಸರುಗಳನ್ನು ಕೆತ್ತಲಾಗಿದೆ. 1927ರ ಜನವರಿ 1ರಂದು ಅಂಬೇಡ್ಕರ್ ಅಲ್ಲಿಗೆ ಹೋದರು. ಆ ಸೈನಿಕರು ಕಂಪೆನಿಯ ಪರ. ಕಲ್ಯಾಣಪ್ಪನ ದಂಡು ಕಂಪೆನಿಯ ವಿರುದ್ಧ. ಯಾರು ದೇಶಭಕ್ತರು ಎಂದು ತಕ್ಕಡಿ ಹಿಡಿಯುವ ಮೊದಲು ಒಂದು ಮಾತು ಕೇಳಬೇಕು: ಯಾವ ಸೈನ್ಯ ಅವರ ಹೆಸರು ಬರೆದಿಟ್ಟಿತು? ಕಂಪೆನಿಯನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅದೇ ಬ್ರಿಟಿಷರು 1890ರ ದಶಕದಲ್ಲಿ 'ಯೋಧ ಜಾತಿ' ಎಂಬ ಸಿದ್ಧಾಂತ ಹಿಡಿದು ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದರು.

ಈಗ ನಮ್ಮ ಮೂರು ತಾಲೂಕುಗಳಿಗೆ ಬರೋಣ. ಮೂಡುಬಿದಿರೆಯ ಚೌಟರ ಅರಮನೆಯ ಕೆತ್ತನೆಯ ಕಂಬ ನೋಡಲು ಜನ ದೂರದಿಂದ ಬರುತ್ತಾರೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯ ಉಂಟು. ಬಂಟ್ವಾಳದಲ್ಲಿ ಪ್ರೊ. ತುಕಾರಾಂ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯ, ಉಳುವ, ಅಳೆಯುವ, ಅಟ್ಟುಣ್ಣುವ ಸಾಮಾನುಗಳಿಗೂ ಮರ್ಯಾದೆ ಕೊಟ್ಟಿದೆ. ಇದು ದೊಡ್ಡ ಕೆಲಸ. ಆದರೆ ಕಾನೂನು ಕೇಳುವುದು ವಯಸ್ಸನ್ನು: 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ವಸ್ತುವಿಗೆ ನೂರು ವರ್ಷ ಆಗಿರಬೇಕು. ನೂರು ವರ್ಷ ಉಳಿಯಬೇಕಾದರೆ ಅದು ಕಬ್ಬಿಣ, ಕಂಚು, ಹಲಸಿನ ಮರ ಆಗಿರಬೇಕು. ಇಡಲಿಕ್ಕೆ ಅಟ್ಟ ಇರಬೇಕು. ಮುಳಿಹುಲ್ಲಿನ ಗುಡಿಸಲಿನ ಬೆತ್ತ, ಬಿದಿರು, ಹಾಳೆ ನಾಲ್ಕು ಮಳೆಗಾಲಕ್ಕೆ ಗೆದ್ದಲಿಗೆ. ನಮ್ಮಲ್ಲಿ ಎಂತ ಸಿಗುತ್ತದೆ ಎಂಬ ಪ್ರಶ್ನೆಯ ಬೇರು ಇಲ್ಲಿದೆ.

ಆದರೂ ಒಂದು ಕತ್ತಿ ನಮ್ಮವರ ಕೈಗೆ ಬರುತ್ತದೆ. ನೇಮದ ದಿನ ಭಂಡಾರದ ಮನೆಯಿಂದ ಕಡ್ಸಲೆ ಇಳಿಯುತ್ತದೆ. ಅದನ್ನು ಹಿಡಿದು ದೈವವಾಗಿ ನಿಲ್ಲುವವರು ಪಂಬದರು, ಪರವರು, ನಲಿಕೆಯವರು. ಆ ರಾತ್ರಿ ಗುತ್ತಿನ ಯಜಮಾನ ಅವರ ಮುಂದೆ ಕೈಮುಗಿಯುತ್ತಾನೆ. ಬೆಳಗಾದರೆ ಕಡ್ಸಲೆ ಅಟ್ಟಕ್ಕೆ, ಹಿಡಿದವನು ಅಂಗಳದ ಆಚೆಗೆ. ಮುಗೇರರ ಮನೆಯಲ್ಲಿ ಹುಟ್ಟಿದ ನನಗೆ ಕಾನದ–ಕಟದರೆಂಬ ಅವಳಿ ವೀರರ ಕತೆ ಅಜ್ಜಿಯ ಬಾಯಿಂದ ಬಂತು, ಅಟ್ಟದಿಂದ ಅಲ್ಲ.

ಆದ್ದರಿಂದ ಹಳೆಯ ವಸ್ತು ಹುಡುಕುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು. ಮನೆಯವರಿಂದ ವಸ್ತು ಕಿತ್ತು ತರಬೇಡಿ. ಚಿತ್ರ ತೆಗೆದು ವಿವರ ಬರೆಯಿರಿ. ತುಕ್ಕು ಉಜ್ಜಬೇಡಿ, ಉಜ್ಜಿದರೆ ಗುರುತೂ ಹೋಗುತ್ತದೆ. ಹಳೆ ಫೋಟೋ ಸಿಕ್ಕಿದರೆ ಹಿಂದುಗಡೆಯನ್ನೂ ನೋಡಿ. ಸ್ಟುಡಿಯೋದ ಮುದ್ರೆ, ಹೆಸರು ಅಲ್ಲೇ ಇರುವುದು. ವಸ್ತು ಯಾರದು ಎಂದು ಬರೆದ ಮೇಲೆ ಇನ್ನೂ ಮೂರು ಸಾಲು ಸೇರಿಸಿ: ಮಾಡಿದವರು ಯಾರು, ಹೊತ್ತವರು ಯಾರು, ಮುಟ್ಟಬಾರದವರು ಯಾರು.

ಬೆಳ್ತಂಗಡಿ ಕಡೆಯ ಒಬ್ಬ ವಿದ್ಯಾರ್ಥಿನಿ ಹೀಗೆ ಒಂದು ಗುತ್ತಿನ ಕತ್ತಿಯ ವಿವರ ಬರೆದು ತಂದಳು. ಮೂರನೆಯ ಸಾಲಿನಲ್ಲಿ 'ನನ್ನ ಅಜ್ಜ' ಎಂದಿತ್ತು. ನಾನು ತಿದ್ದಲಿಲ್ಲ.