ಮಲಯಾಯೈಟ್: ತವರವನ್ನು ಬಿಟ್ಟುಕೊಡದ ಕಲ್ಲು

ಮಕ್ಕಳೇ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದ್ದೀರಾ? ಕಾದ ಪಾತ್ರೆಯ ಒಳಮೈಗೆ ಬೆಳ್ಳಿಯಂತೆ ಹೊಳೆಯುವ ಲೋಹವೊಂದನ್ನು ಸವರುತ್ತಾರೆ. ಅದೇ ತವರ. ಪಾತ್ರೆಯಲ್ಲಿಟ್ಟ ಹುಳಿ ಪದಾರ್ಥ ಕಿಲುಬದಂತೆ ಅದು ಕಾಪಾಡುತ್ತದೆ.

ತವರದ ಮುಖ್ಯ ಅದಿರು ಕ್ಯಾಸಿಟರೈಟ್. ಇದರಲ್ಲಿರುವುದು ತವರ ಮತ್ತು ಆಮ್ಲಜನಕ. ಇದ್ದಿಲಿನೊಂದಿಗೆ ಕುಲುಮೆಯಲ್ಲಿ ಕಾಯಿಸಿದಾಗ ಇದ್ದಿಲು ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ, ತವರ ಉಳಿಯುತ್ತದೆ.

ತವರವಿರುವ ಇನ್ನೊಂದು ಖನಿಜವೇ ಮಲಯಾಯೈಟ್. ಇದರಲ್ಲಿ ತವರ ಮತ್ತು ಆಮ್ಲಜನಕದ ಜೊತೆಗೆ ಕ್ಯಾಲ್ಸಿಯಂ ಮತ್ತು ಸಿಲಿಕಾನ್ ಕೂಡ ಸೇರಿವೆ. ಸಿಲಿಕಾನ್ ಮತ್ತು ಆಮ್ಲಜನಕ ಕೂಡಿ ಆದ ಇಂತಹ ಖನಿಜಗಳನ್ನು ಸಿಲಿಕೇಟುಗಳು ಎನ್ನುತ್ತಾರೆ.

ಹೆಸರು ಬಂದದ್ದು ಹೇಗೆ?

ಮಲಯ ಪರ್ಯಾಯ ದ್ವೀಪದ ಒಂದು ಭಾಗ ಈಗ ಮಲೇಷ್ಯಾ ದೇಶಕ್ಕೆ ಸೇರಿದೆ. ಅಲ್ಲಿನ ಪೆರಾಕ್ ಪ್ರಾಂತ್ಯ ತವರದ ಗಣಿಗಳಿಗೆ ಹೆಸರುವಾಸಿ. ಈ ಖನಿಜವನ್ನು ಅಲ್ಲಿ ಗುರುತಿಸಿದ ವಿಜ್ಞಾನಿಗಳು 1960ರ ದಶಕದಲ್ಲಿ ಆ ನಾಡಿನ ಹೆಸರನ್ನೇ ಇಟ್ಟರು. ಕೊನೆಯ ‘ಐಟ್’ ಅನೇಕ ಖನಿಜಗಳ ಹೆಸರಿನಲ್ಲಿ ಬರುತ್ತದೆ. ಗ್ರಾಫೈಟ್, ಹೆಮಟೈಟ್ ಹೆಸರುಗಳನ್ನು ನೆನಪಿಸಿಕೊಳ್ಳಿ.

ಗುರುತಿಸುವುದು ಹೇಗೆ?

ಬಿಸಿ ಶಿಲಾರಸ ಸುಣ್ಣಕಲ್ಲಿನ ಪದರಕ್ಕೆ ನುಗ್ಗಿದ ಕಡೆ ಮಲಯಾಯೈಟ್ ಉಂಟಾಗುತ್ತದೆ. ಅದರ ಕ್ಯಾಲ್ಸಿಯಂ ಬಂದದ್ದು ಸುಣ್ಣಕಲ್ಲಿನಿಂದಲೇ! ಉಕ್ಕಿನ ಚಾಕುವಿನಿಂದ ಇದನ್ನು ಗೀರಬಹುದು, ಕ್ಯಾಸಿಟರೈಟನ್ನು ಗೀರಲಾಗದು. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದರೆ ಮಲಯಾಯೈಟ್ ಹಸಿರು ಮಿಶ್ರಿತ ಹಳದಿಯಾಗಿ ಬೆಳಗುತ್ತದೆ. ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು.

ಗುರುತಿಸುವುದೇಕೆ?

100 ಗ್ರಾಂ ಶುದ್ಧ ಮಲಯಾಯೈಟಿನಲ್ಲಿ ಸುಮಾರು 44 ಗ್ರಾಂ ತವರವಿರುತ್ತದೆ. ಆದರೂ ಗಣಿಯವರಿಗೆ ಇದು ಪ್ರಿಯವಲ್ಲ. ಕ್ಯಾಸಿಟರೈಟ್ ನೀರಿಗಿಂತ ಸುಮಾರು 7 ಪಟ್ಟು ಭಾರ. ಪುಡಿ ಮಾಡಿ ನೀರಿನಲ್ಲಿ ತೊಳೆದರೆ ಹಗುರವಾದ ಮರಳು ಕೊಚ್ಚಿಹೋಗಿ ಅದು ತಳದಲ್ಲಿ ನಿಲ್ಲುತ್ತದೆ. ಮಲಯಾಯೈಟ್ ಅಷ್ಟು ಭಾರವಿಲ್ಲ, ಬೇರ್ಪಡಿಸುವುದು ಕಷ್ಟ. ಅದರೊಳಗಿನ ತವರವನ್ನು ಬಿಡಿಸುವುದೂ ಸುಲಭವಲ್ಲ. ಆದ್ದರಿಂದ ಬಂಡೆಯಲ್ಲಿ ಎಷ್ಟು ತವರವಿದೆ ಎಂದು ತಿಳಿದರಷ್ಟೇ ಸಾಲದು, ಯಾವ ಖನಿಜದಲ್ಲಿದೆ ಎಂದೂ ತಿಳಿಯಬೇಕು. ಇಲ್ಲವಾದರೆ ಗಣಿ ತೋಡಿದ ಶ್ರಮವೆಲ್ಲ ವ್ಯರ್ಥ.

ಹಾಗೆಂದು ಇದು ನಿರುಪಯೋಗಿಯೇ? ಅಲ್ಲ. ಕಾರ್ಖಾನೆಯಲ್ಲಿ ಇದೇ ರಚನೆಯ ವಸ್ತುವನ್ನು ತಯಾರಿಸಿ, ಚಿಟಿಕೆಯಷ್ಟು ಕ್ರೋಮಿಯಂ ಸೇರಿಸಿದರೆ ಗುಲಾಬಿ ಬಣ್ಣ ಸಿಗುತ್ತದೆ. ಪಿಂಗಾಣಿಯನ್ನು ಸುಡುವ ಬಿಸಿಯನ್ನೂ ಆ ಬಣ್ಣ ತಾಳಿಕೊಳ್ಳುತ್ತದೆ.

ಮಾಡಿ ನೋಡಿ: ನಿಮ್ಮೂರಿನ ಬೇರೆ ಬೇರೆ ಕಲ್ಲುಗಳನ್ನು ಸಂಗ್ರಹಿಸಿ. ಶಿಕ್ಷಕರ ಎದುರಿನಲ್ಲಿ ಕಬ್ಬಿಣದ ಮೊಳೆಯಿಂದ ಗೀರಿ. ಯಾವುದರ ಮೇಲೆ ಗೀರು ಮೂಡಿತು? ಪಟ್ಟಿ ಮಾಡಿ.